ದೇಹದ ಓಲಾಟ ಅಳೆಯೋಣ, ತಲೆಸುತ್ತಿನ ಮೂಲ ತಿಳಿಯೋಣ

ಸುಖಸಂಸಾರಕ್ಕೆ ಪತಿ-ಪತ್ನಿಯರಿಬ್ಬರ ಆರೋಗ್ಯವೂ ಸಮನಾಗಿ ಆವಶ್ಯಕ. ಒಬ್ಬರು ನಿಂತಲ್ಲಿ ನಿಲ್ಲಲಾರದೆ ತತ್ತರಿಸಿದರೆ ಮನೆಯ ಕೆಲಸ, ಹೊಲದ ಕೆಲಸ, ಮಕ್ಕಳ ಪೋಷಣೆ ಎಲ್ಲವೂ ಏರುಪೇರಾಗುತ್ತವೆ. "ಯಾಕೋ ತಲೆ ಸುತ್ತುತ್ತದೆ" ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಆಗಾಗ ಕೇಳಿಬರುತ್ತದೆ. ಅದನ್ನು ಕೇಳಿದ ಒಬ್ಬರು ಪಿತ್ತವೆಂದು ನಿಂಬೆಹಣ್ಣಿನ ಪಾನಕ ಕೊಡುತ್ತಾರೆ. ಇನ್ನೊಬ್ಬರು ದೃಷ್ಟಿಯಾಗಿದೆಯೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾರೆ. ಮತ್ತೊಬ್ಬರು ನಿಶ್ಶಕ್ತಿಯೆಂದು ಅಂಗಡಿಯಿಂದ ಟಾನಿಕ್ ತರುತ್ತಾರೆ. ಕಾರಣವನ್ನು ಮಾತ್ರ ಯಾರೂ ಹುಡುಕುವುದಿಲ್ಲ.

ಜ್ವರ ಬಂದರೆ ಥರ್ಮಾಮೀಟರಿನಿಂದ ಅಳೆಯುತ್ತೇವೆ. ಮಗು ಬೆಳೆಯುತ್ತಿದೆಯೇ ಎಂದು ತಿಳಿಯಲು ಅಂಗನವಾಡಿಯಲ್ಲಿ ತೂಕ ಮಾಡಿಸುತ್ತೇವೆ. ಹಾಗೆಯೇ ದೇಹದ ಸಮತೋಲನವನ್ನೂ ಅಳೆಯಲು ಸಾಧ್ಯವಿದೆ. ನಿಂತ ಮನುಷ್ಯನ ದೇಹ ಎಷ್ಟು ಓಲಾಡುತ್ತದೆ, ಕಣ್ಣು ಮುಚ್ಚಿದಾಗ ಆ ಓಲಾಟ ಎಷ್ಟು ಹೆಚ್ಚುತ್ತದೆ ಎಂಬುದನ್ನು ಗಮನಿಸಿದರೆ ದೋಷ ಎಲ್ಲಿದೆಯೆಂಬ ಸುಳಿವು ದೊರೆಯುತ್ತದೆ. ಇದರ ಮೊದಲ ಹಂತವನ್ನು ನೀವು ದಂಪತಿಗಳು ಮನೆಯಲ್ಲಿಯೇ ನೆರವೇರಿಸಬಹುದು. ಅದನ್ನು ಮಾಡುವ ಕ್ರಮ, ಅದರಿಂದ ತಿಳಿಯುವ ವಿಷಯ ಹಾಗೂ ಅದರ ಮಿತಿ, ಈ ಮೂರನ್ನೂ ಈ ಪಾಠದಲ್ಲಿ ವಿವರಿಸಲಾಗಿದೆ.

೧. ಮಾತು ಒಂದು, ತೊಂದರೆ ಹಲವು

ತಲೆಸುತ್ತು, ಬವಳಿ, ಚಕ್ಕರು, ಕಣ್ಣುಕತ್ತಲೆ, ಜೋಲಿ ಹೊಡೆಯುವುದು ಎಂದು ನಾವು ಅನೇಕ ಮಾತುಗಳನ್ನು ಬಳಸುತ್ತೇವೆ. ವೈದ್ಯರ ದೃಷ್ಟಿಯಲ್ಲಿ ಇವು ಒಂದೇ ಅಲ್ಲ. ಮುಖ್ಯವಾಗಿ ಮೂರು ಬಗೆಗಳನ್ನು ಗುರುತಿಸಬೇಕು.

ಮೊದಲನೆಯದು, ಸುತ್ತಲಿನ ಗೋಡೆ, ಜಂತೆ, ಮರಗಿಡಗಳೆಲ್ಲ ಗಿರ್ರನೆ ತಿರುಗಿದಂತೆ ಕಾಣುವುದು. ಇದು ಸಾಮಾನ್ಯವಾಗಿ ಒಳಗಿವಿಯ ತೊಂದರೆಯಿಂದ ಬರುತ್ತದೆ.

ಎರಡನೆಯದು, ಕುಳಿತಲ್ಲಿಂದ ಎದ್ದಾಗ ಅಥವಾ ಬಿಸಿಲಿನಲ್ಲಿ ಬಹಳ ಹೊತ್ತು ನಿಂತಾಗ ಕಣ್ಣು ಕತ್ತಲಿಟ್ಟು, ಬೆವರು ಬಂದು, ಎಚ್ಚರ ತಪ್ಪುವಂತಾಗುವುದು. ಇದಕ್ಕೆ ಮಿದುಳಿಗೆ ಹೋಗುವ ರಕ್ತದ ಪೂರೈಕೆ ಆ ಕ್ಷಣಕ್ಕೆ ಕಡಿಮೆಯಾಗುವುದು ಕಾರಣ.

ಮೂರನೆಯದು, ತಲೆ ಸರಿಯಾಗಿಯೇ ಇದ್ದು ಕಾಲು ಮಾತ್ರ ನೆಲೆ ತಪ್ಪುವುದು, ನಡಿಗೆ ವಾಲುವುದು. ಇದು ನರ, ಬೆನ್ನುಹುರಿ ಅಥವಾ ಕಿರುಮೆದುಳಿನ ದೋಷದಿಂದ ಉಂಟಾಗಬಹುದು.

ನಿಮ್ಮ ಪತ್ನಿ ಅಥವಾ ಪತಿ "ತಲೆ ಸುತ್ತುತ್ತದೆ" ಎಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ: "ಮನೆ ತಿರುಗಿದಂತಾಗುವುದೋ, ಕಣ್ಣು ಕತ್ತಲೆ ಬರುವುದೋ, ಕಾಲು ನಿಲ್ಲದಂತಾಗುವುದೋ?" ಈ ಉತ್ತರವನ್ನು ವೈದ್ಯರ ಮುಂದೆ ಸ್ಪಷ್ಟವಾಗಿ ಹೇಳಿದರೆ ಅರ್ಧ ಪರೀಕ್ಷೆ ಮುಗಿದಂತೆಯೇ ಸರಿ.

೨. ನಾವು ನೆಟ್ಟಗೆ ನಿಲ್ಲುವುದು ಹೇಗೆ?

ನಾಲ್ಕು ಕಾಲಿನ ಹಸುವಿಗೆ ನಿಲ್ಲುವುದು ಸುಲಭ. ಮನುಷ್ಯನಾದರೋ ಎರಡು ಅಂಗಾಲುಗಳ ಮೇಲೆ ತನ್ನ ಎತ್ತರದ ದೇಹವನ್ನು ನಿಲ್ಲಿಸಿಕೊಳ್ಳಬೇಕು. ದೇಹದ ಭಾರದ ಕೇಂದ್ರವು ಹೊಕ್ಕುಳಿನಿಂದ ಸ್ವಲ್ಪ ಕೆಳಗೆ, ಒಡಲಿನೊಳಗೆ ಇರುತ್ತದೆ. ಈ ಕೇಂದ್ರದಿಂದ ಇಳಿಬಿಟ್ಟ ಗುಂಡು-ದಾರವು ಎರಡು ಪಾದಗಳ ನಡುವಣ ಜಾಗದೊಳಗೇ ಬೀಳುತ್ತಿರುವವರೆಗೆ ನಾವು ಬೀಳುವುದಿಲ್ಲ. ಅದು ಆಚೆ ಸರಿದರೆ ಹೆಜ್ಜೆ ಎತ್ತಿಡಬೇಕು, ಇಲ್ಲವೇ ಏನನ್ನಾದರೂ ಹಿಡಿದುಕೊಳ್ಳಬೇಕು.

ಆದುದರಿಂದ ಸ್ಥಿರವಾಗಿ ನಿಂತಿರುವಂತೆ ಕಾಣುವ ಮನುಷ್ಯನೂ ನಿಜವಾಗಿ ಸ್ಥಿರನಲ್ಲ. ಅವನ ದೇಹ ಹಿಂದಕ್ಕೆ ಮುಂದಕ್ಕೆ, ಎಡಕ್ಕೆ ಬಲಕ್ಕೆ ಸದಾ ತುಸುವೇ ಓಲಾಡುತ್ತಿರುತ್ತದೆ. ಸ್ವಲ್ಪ ಮುಂದಕ್ಕೆ ವಾಲಿದೊಡನೆ ಮೀನಖಂಡದ ಸ್ನಾಯು ಬಿಗಿದು ಹಿಂದಕ್ಕೆ ಎಳೆಯುತ್ತದೆ. ಹಿಂದಕ್ಕೆ ವಾಲಿದರೆ ಮೊಣಕಾಲಿನ ಕೆಳಗಿನ ಮುಂಭಾಗದ ಸ್ನಾಯು ಮುಂದಕ್ಕೆ ಎಳೆಯುತ್ತದೆ. ಇದು ನಮ್ಮ ಅರಿವಿಗೆ ಬಾರದಂತೆ ನಡೆಯುತ್ತದೆ. ಈ ಸಣ್ಣ ಓಲಾಟ ರೋಗವಲ್ಲ; ಎಲ್ಲರಲ್ಲಿಯೂ ಇರತಕ್ಕದ್ದು.

ದೇಹ ಯಾವ ಕಡೆಗೆ ವಾಲುತ್ತಿದೆಯೆಂಬ ಸುದ್ದಿಯನ್ನು ಮಿದುಳಿಗೆ ಒಯ್ಯುವ ದೂತರು ಮೂವರು.

(ಅ) ಕಣ್ಣುಗಳು. ಎದುರಿನ ಕಂಬ, ಗೋಡೆಗಳನ್ನು ನೋಡಿ ನಾವು ನೆಟ್ಟಗಿದ್ದೇವೆಯೇ ಎಂದು ತಿಳಿಸುತ್ತವೆ.

(ಆ) ಒಳಗಿವಿ. ಪ್ರತಿ ಕಿವಿಯ ಒಳಗೆ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ಆ ದ್ರವ ಚಲಿಸಿ ಸುದ್ದಿ ಕೊಡುತ್ತದೆ. ಅವುಗಳ ಪಕ್ಕದಲ್ಲಿ ಸುಣ್ಣದಂತಹ ಅತಿಸೂಕ್ಷ್ಮ ಹರಳುಗಳಿದ್ದು, ತಲೆ ಯಾವ ಕಡೆಗೆ ಬಾಗಿದೆಯೆಂದು ತಿಳಿಸುತ್ತವೆ.

(ಇ) ಅಂಗಾಲು, ಕೀಲು ಮತ್ತು ಸ್ನಾಯುಗಳು. ಭಾರ ಹಿಮ್ಮಡಿಯ ಮೇಲೆ ಬಿದ್ದಿದೆಯೋ ಬೆರಳುಗಳ ಮೇಲೆ ಬಿದ್ದಿದೆಯೋ ಎಂಬ ಸುದ್ದಿ ಇಲ್ಲಿಂದ ನರಗಳ ಮೂಲಕ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ.

ಮೂವರು ತಂದ ಸುದ್ದಿಯನ್ನು ಹೊಂದಿಸಿ ಸ್ನಾಯುಗಳಿಂದ ತಕ್ಕ ಕೆಲಸ ಮಾಡಿಸುವುದರಲ್ಲಿ ಕಿರುಮೆದುಳಿನ ಪಾತ್ರ ದೊಡ್ಡದು. ಮೂವರಲ್ಲಿ ಒಬ್ಬ ದೂತನು ಕೆಲಸ ಬಿಟ್ಟರೆ ಉಳಿದ ಇಬ್ಬರು ಬಹುಮಟ್ಟಿಗೆ ಸರಿದೂಗಿಸುತ್ತಾರೆ. ಈ ಕಾರಣದಿಂದಲೇ ರೋಗ ಮೊದಲಿಗೆ ಮರೆಯಾಗಿ ಉಳಿಯುವುದು. ಪಾದದ ನರ ಕೆಟ್ಟವನು ಹಗಲಿನಲ್ಲಿ ಕಣ್ಣಿನ ಬಲದಿಂದ ಹೊಲದ ಬದುವಿನ ಮೇಲೆ ಸರಾಗವಾಗಿ ನಡೆಯುತ್ತಾನೆ. ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲು ಕತ್ತಲಲ್ಲಿ ಹೊರಟರೆ ಅದೇ ಬದುವಿನ ಮೇಲೆ ಜೋಲಿ ಹೊಡೆಯುತ್ತಾನೆ. ನೋಡಿದವರು ಕುಡಿದಿದ್ದಾನೆಂದು ಆಡಿಕೊಳ್ಳುತ್ತಾರೆ. ಬಚ್ಚಲಿನಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದೊಡನೆ ತತ್ತರಿಸಿ ಗೋಡೆ ಹಿಡಿಯುವುದೂ ಇದೇ ರೋಗದ ಲಕ್ಷಣ. ಪತ್ನಿಯಾದವಳು ಇದನ್ನು ಗಮನಿಸಿದರೆ ಜಗಳಕ್ಕೆ ಬದಲಾಗಿ ಪರೀಕ್ಷೆಗೆ ದಾರಿಯಾಗುತ್ತದೆ.

೩. ಓಲಾಟವನ್ನು ಅಳೆಯಲು ಕಲಿತ ಬಗೆ

ಕಣ್ಣು ಮುಚ್ಚಿಸಿ ನಿಲ್ಲಿಸುವ ಪರೀಕ್ಷೆಗೆ ಜರ್ಮನಿಯ ಬರ್ಲಿನ್ ನಗರದ ವೈದ್ಯ ಮೊರಿಟ್ಸ್ ರೊಂಬರ್ಗ್ ಅವರ ಹೆಸರು ನಿಂತಿದೆ. ಅವರು ೧೮೪೦ರ ದಶಕದಲ್ಲಿ ಪ್ರಕಟಿಸಿದ ನರರೋಗಗಳ ಗ್ರಂಥದಲ್ಲಿ, ಬೆನ್ನುಹುರಿ ಕೆಟ್ಟ ರೋಗಿಗಳು ಕಣ್ಣು ಮುಚ್ಚಿದೊಡನೆ ಓಲಾಡಲು ತೊಡಗುವರೆಂದು ವರ್ಣಿಸಿದರು. ಇಂದಿಗೂ ವೈದ್ಯರು ಇದನ್ನು ರೊಂಬರ್ಗ್ ಪರೀಕ್ಷೆಯೆಂದೇ ಕರೆಯುತ್ತಾರೆ.

ಬರಿಗಣ್ಣಿನಿಂದ ನೋಡಿ "ಹೆಚ್ಚು", "ಕಡಿಮೆ" ಎಂದರೆ ಸಾಲದೆಂದು ೧೮೮೦ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವೈದ್ಯ ವೈರ್ ಮಿಚೆಲ್ ಮತ್ತು ಅವರ ಸಂಗಡಿಗರು ಅಳತೆಪಟ್ಟಿಯ ಮುಂದೆ ಮನುಷ್ಯನನ್ನು ನಿಲ್ಲಿಸಿ ತಲೆ ಎಷ್ಟು ಅಂಗುಲ ಸರಿಯುತ್ತದೆಯೆಂದು ಗುರುತುಮಾಡಿದರು. ಆರೋಗ್ಯವಂತರಲ್ಲಿಯೂ ತಲೆಯು ಹಿಂದೆ ಮುಂದೆ ಸುಮಾರು ಒಂದು ಅಂಗುಲ ಓಲಾಡುವುದೆಂದು ಅವರು ಕಂಡರು. ಅದೇ ನಗರದ ಗೈ ಹಿನ್ಸ್‌ಡೇಲ್ ಎಂಬ ವೈದ್ಯರು ಮಸಿ ಹಿಡಿಸಿದ ಕಾಗದವನ್ನು ತಲೆಯ ಮೇಲಿಟ್ಟು, ಓಲಾಟವು ತಾನೇ ಅದರ ಮೇಲೆ ಗೆರೆ ಬರೆಯುವಂತೆ ಮಾಡಿದರು.

ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಈ ಕೆಲಸಕ್ಕೆ ಒಂದು ಹಲಗೆಯಂತಹ ಯಂತ್ರವಿರುತ್ತದೆ. ತೂಕದ ಯಂತ್ರದಂತೆಯೇ ಅದರ ಮೇಲೆ ನಿಲ್ಲಬೇಕು. ಹಲಗೆಯ ಮೂಲೆಗಳಲ್ಲಿ ಭಾರವನ್ನು ಅಳೆಯುವ ಉಪಕರಣಗಳಿರುತ್ತವೆ. ದೇಹ ಮುಂದಕ್ಕೆ ವಾಲಿದರೆ ಮುಂದಿನ ಮೂಲೆಗಳ ಮೇಲೆ, ಬಲಕ್ಕೆ ವಾಲಿದರೆ ಬಲದ ಮೂಲೆಗಳ ಮೇಲೆ ಭಾರ ಹೆಚ್ಚುತ್ತದೆ. ಈ ವ್ಯತ್ಯಾಸದಿಂದ ಪಾದದಡಿಯ ಒತ್ತಡದ ಕೇಂದ್ರ ಕ್ಷಣಕ್ಷಣಕ್ಕೂ ಎಲ್ಲಿ ಸರಿಯಿತೆಂದು ಕಂಪ್ಯೂಟರ್ ಲೆಕ್ಕ ಹಾಕಿ, ಗೆರೆಯಾಗಿ ಬರೆದು ತೋರಿಸುತ್ತದೆ. ಸಾಮಾನ್ಯವಾಗಿ ೩೦ ಅಥವಾ ೬೦ ಸೆಕೆಂಡು ಕಣ್ಣು ತೆರೆದು, ಅಷ್ಟೇ ಹೊತ್ತು ಕಣ್ಣು ಮುಚ್ಚಿ ನಿಲ್ಲಬೇಕು. ಮುಚ್ಚಿದಾಗಿನ ಓಲಾಟವನ್ನು ತೆರೆದಾಗಿನ ಓಲಾಟದಿಂದ ಭಾಗಿಸಿದರೆ, ಆ ಮನುಷ್ಯನು ಕಣ್ಣನ್ನು ಎಷ್ಟರಮಟ್ಟಿಗೆ ಅವಲಂಬಿಸಿದ್ದಾನೆಂದು ತಿಳಿಯುತ್ತದೆ. ಈ ಪರೀಕ್ಷೆಯಲ್ಲಿ ಸೂಜಿಯಿಲ್ಲ, ನೋವಿಲ್ಲ.

ಮೆತ್ತನೆಯ ಫೋಮಿನ ಮೇಲೆ ನಿಂತರೆ ಅಂಗಾಲಿನ ಸುದ್ದಿ ಮಂಕಾಗುತ್ತದೆ. ಹಾಗೆ ನಿಂತು ಕಣ್ಣನ್ನೂ ಮುಚ್ಚಿದರೆ ಹೆಚ್ಚಿನ ಹೊರೆ ಒಳಗಿವಿಯ ಮೇಲೆಯೇ ಬೀಳುತ್ತದೆ. ಗಟ್ಟಿ ನೆಲ, ಮೆತ್ತನೆಯ ನೆಲ, ತೆರೆದ ಕಣ್ಣು, ಮುಚ್ಚಿದ ಕಣ್ಣು ಹೀಗೆ ಸ್ಥಿತಿಗಳನ್ನು ಬದಲಿಸಿ ಮೂವರು ದೂತರಲ್ಲಿ ಯಾರು ದುರ್ಬಲರೆಂದು ನೋಡುವ ಸರಳ ಕ್ರಮವನ್ನು ೧೯೮೬ರಲ್ಲಿ ಅಮೆರಿಕದ ಶಮ್ವೇ-ಕುಕ್ ಮತ್ತು ಹೊರಾಕ್ ಎಂಬ ತಜ್ಞರು ಪ್ರಕಟಿಸಿದರು. ಇದಕ್ಕೆ ದುಬಾರಿ ಯಂತ್ರ ಬೇಕಾಗಿಲ್ಲವೆಂಬುದು ಗಮನಾರ್ಹ.

೪. ಮನೆಯಲ್ಲಿ ಓಲಾಟ ನೋಡುವ ಕ್ರಮ

ಎಚ್ಚರಿಕೆ: ಗರ್ಭಿಣಿಯರು, ಇತ್ತೀಚೆಗೆ ಬಿದ್ದವರು, ಆಧಾರವಿಲ್ಲದೆ ನಿಲ್ಲಲಾರದವರು ಮತ್ತು ತಲೆಸುತ್ತು ಆಗತಾನೇ ಜೋರಾಗಿ ಶುರುವಾದವರು ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಲಾಗದು. ಅವರನ್ನು ಆರೋಗ್ಯ ಕೇಂದ್ರದಲ್ಲಿಯೇ ಪರೀಕ್ಷಿಸತಕ್ಕದ್ದು. ಉಳಿದವರನ್ನು ಪರೀಕ್ಷಿಸುವಾಗಲೂ ಹಿಡಿದುಕೊಳ್ಳಲು ಒಬ್ಬರು ಪಕ್ಕದಲ್ಲಿ ಇರಲೇಬೇಕು.

ಬೇಕಾದ ವಸ್ತುಗಳು: ಸಮತಟ್ಟಾದ ಒಣ ನೆಲ, ಒಂದು ಗೋಡೆ, ಸೀಮೆಸುಣ್ಣ, ಸೆಕೆಂಡಿನ ಮುಳ್ಳಿರುವ ಗಡಿಯಾರ ಅಥವಾ ಮೊಬೈಲ್ ಫೋನು.

(೧) ಗೋಡೆಯ ಮೇಲೆ ತಲೆಯ ಎತ್ತರದಲ್ಲಿ ಒಂದು ನೆಟ್ಟನೆಯ ಗೆರೆ ಎಳೆಯಿರಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಗೆರೆ ನೆಟ್ಟಗೆ ಬರುತ್ತದೆ. ಅದರ ಎರಡೂ ಕಡೆಗೆ ಒಂದೊಂದು ಅಂಗುಲ ಬಿಟ್ಟು ನಾಲ್ಕು ನಾಲ್ಕು ಗೆರೆಗಳನ್ನು ಎಳೆಯಿರಿ.

(೨) ಪರೀಕ್ಷೆಗೆ ಒಳಗಾಗುವವರು ಬರಿಗಾಲಿನಲ್ಲಿ, ಗೋಡೆಗೆ ಒಂದು ಪಕ್ಕೆಯನ್ನು ತೋರಿಸಿ, ಗೋಡೆಯಿಂದ ಒಂದು ಗೇಣು ದೂರದಲ್ಲಿ ನಿಲ್ಲಲಿ. ಎರಡೂ ಪಾದಗಳು ಒಂದಕ್ಕೊಂದು ತಾಗಿರಲಿ. ಕೈಗಳು ಇಳಿಬಿದ್ದಿರಲಿ. ಮೂಗಿನ ತುದಿ ನಡುವಣ ಗೆರೆಗೆ ನೇರವಾಗಿರಲಿ.

(೩) ಪತಿ ಅಥವಾ ಪತ್ನಿ ಪಕ್ಕದಲ್ಲಿ, ಮುಟ್ಟದೆ, ಆದರೆ ಬಿದ್ದರೆ ಹಿಡಿಯಲು ಎರಡೂ ಕೈ ಸಿದ್ಧವಾಗಿಟ್ಟುಕೊಂಡು ನಿಲ್ಲಲಿ. ಮನೆಯ ಇನ್ನೊಬ್ಬರು ಮೂರು ಹೆಜ್ಜೆ ದೂರದಲ್ಲಿ ಒಂದೇ ಕಡೆ ನಿಂತು, ಒಂದು ಕಣ್ಣು ಮುಚ್ಚಿ, ಮೂಗು ಎಷ್ಟು ಗೆರೆಗಳನ್ನು ದಾಟುತ್ತದೆಯೆಂದು ನೋಡಲಿ.

(೪) ಮೊದಲು ಕಣ್ಣು ತೆರೆದು ೩೦ ಸೆಕೆಂಡು ನಿಲ್ಲಬೇಕು. ಇಷ್ಟೂ ಹೊತ್ತು ನಿಲ್ಲಲಾಗದಿದ್ದರೆ ಅಲ್ಲಿಗೇ ಪರೀಕ್ಷೆಯನ್ನು ಮುಗಿಸಿ ವೈದ್ಯರಲ್ಲಿಗೆ ಕರೆದೊಯ್ಯಿರಿ.

(೫) ಅನಂತರ ಕಣ್ಣು ಮುಚ್ಚಿ ೩೦ ಸೆಕೆಂಡು ನಿಲ್ಲಬೇಕು. ಆಗ ಯಾರೂ ಮಾತನಾಡಬಾರದು. ಧ್ವನಿ ಬಂದ ಕಡೆಯಿಂದಲೂ ದೇಹ ದಿಕ್ಕು ತಿಳಿದುಕೊಳ್ಳುತ್ತದೆ.

(೬) ಪಾದ ಕದಲಿಸಿದರೆ, ಕಣ್ಣು ತೆರೆದರೆ, ಗೋಡೆ ಹಿಡಿದರೆ ಅಲ್ಲಿಗೆ ನಿಲ್ಲಿಸಿ, ಎಷ್ಟು ಸೆಕೆಂಡಾಯಿತೆಂದು ಬರೆದಿಡಿ. ಸ್ವಲ್ಪ ವಿಶ್ರಾಂತಿ ಕೊಟ್ಟು ಮೂರು ಸಲ ಮಾಡಿ, ನಡುವಣ ಫಲಿತಾಂಶವನ್ನು ಇಟ್ಟುಕೊಳ್ಳಿ.

ಹಸಿದಿರುವಾಗ, ಹೊಲದಿಂದ ದಣಿದು ಬಂದ ಕೂಡಲೇ, ಮದ್ಯ ಸೇವಿಸಿದಾಗ, ನಿದ್ರೆಗೆಟ್ಟಾಗ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ. ಗೋಡೆಯ ಗೆರೆಯ ಅಳತೆ ಆಸ್ಪತ್ರೆಯ ಯಂತ್ರದಷ್ಟು ಸೂಕ್ಷ್ಮವಲ್ಲ. ಅದನ್ನು ನೆರೆಮನೆಯವರ ಅಳತೆಯೊಡನೆ ಹೋಲಿಸಲಾಗದು. ಅದೇ ವ್ಯಕ್ತಿಯನ್ನು ಅದೇ ಗೋಡೆಯ ಮುಂದೆ ಎರಡು ವಾರಗಳಿಗೊಮ್ಮೆ ನಿಲ್ಲಿಸಿ, ಓಲಾಟ ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂದು ನೋಡುವುದಕ್ಕೆ ಅದು ಉಪಯುಕ್ತ. ಚಿಕಿತ್ಸೆ ಫಲಿಸುತ್ತಿದೆಯೇ ಎಂಬುದೂ ಹೀಗೆ ತಿಳಿಯುತ್ತದೆ.

ಮನೆಯ ಹಿರಿಯರಿಗೆ ಇನ್ನೊಂದು ಸುಲಭ ಪರೀಕ್ಷೆಯಿದೆ. ಕಣ್ಣು ತೆರೆದೇ, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದು ಪಾದದ ಬೆರಳುಗಳಿಗೆ ತಾಗಿಸಿ, ಒಂದರ ಮುಂದೊಂದು ಪಾದವಿಟ್ಟು ನಿಲ್ಲಲು ಹೇಳಿ. ಈ ಭಂಗಿಯಲ್ಲಿ ೧೦ ಸೆಕೆಂಡು ನಿಲ್ಲಲಾರದ ವೃದ್ಧರಿಗೆ ಬೀಳುವ ಅಪಾಯ ಹೆಚ್ಚು. ಇದನ್ನು ಮಾಡಿಸುವಾಗಲೂ ಹಿಡಿಯುವವರು ಪಕ್ಕದಲ್ಲಿರಬೇಕು.

೫. ಕಂಡದ್ದನ್ನು ಅರ್ಥಮಾಡಿಕೊಳ್ಳುವುದು ಹೇಗೆ?

ಕಣ್ಣು ತೆರೆದಾಗ ಸ್ಥಿರ, ಮುಚ್ಚಿದಾಗ ಅಸ್ಥಿರ: ಕಣ್ಣಿನ ಸಹಾಯ ತಪ್ಪಿದಾಗ ಉಳಿದ ಇಬ್ಬರು ದೂತರು ಕೈಕೊಟ್ಟರೆಂದು ಅರ್ಥ. ಪಾದದ ನರಗಳು, ಬೆನ್ನುಹುರಿ ಅಥವಾ ಒಳಗಿವಿಯಲ್ಲಿ ದೋಷವಿರಬಹುದು. ಬಹುಕಾಲದ ಮಧುಮೇಹ, ಮದ್ಯಪಾನ ಮತ್ತು ಬಿ-೧೨ ಜೀವಸತ್ವದ ಕೊರತೆ ನರಗಳನ್ನು ಕೆಡಿಸುವ ಕಾರಣಗಳಲ್ಲಿ ಮುಖ್ಯವಾದವು. ಬಿ-೧೨ ಜೀವಸತ್ವವು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ದೊರೆಯುತ್ತದೆ. ಧಾನ್ಯ, ಸೊಪ್ಪು, ಕಾಯಿಪಲ್ಯಗಳಲ್ಲಿ ಇಲ್ಲ. ಇದ್ದ ಹಾಲನ್ನೆಲ್ಲ ಡೈರಿಗೆ ಹಾಕಿ ಮನೆಯವರು ಬರಿಯ ಚಹಾಕ್ಕೆ ತೃಪ್ತರಾಗುವ ಸಸ್ಯಾಹಾರಿ ಕುಟುಂಬಗಳು ಇದನ್ನು ನೆನಪಿಡಬೇಕು. ಕೊರತೆಯನ್ನು ಬೇಗ ಕಂಡುಹಿಡಿದು ಚುಚ್ಚುಮದ್ದು ಅಥವಾ ಮಾತ್ರೆ ಕೊಟ್ಟರೆ ನರಗಳು ಚೇತರಿಸಿಕೊಳ್ಳುತ್ತವೆ. ತಡಮಾಡಿದರೆ ಹಾನಿ ಶಾಶ್ವತವಾಗಿ ಉಳಿಯಬಹುದು. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್ ಮುಂತಾದ ಕೆಲವು ಚುಚ್ಚುಮದ್ದುಗಳು ಒಳಗಿವಿಗೆ ಹಾನಿಮಾಡಬಲ್ಲವು. ಅಂತಹ ಮದ್ದು ಪಡೆಯುತ್ತಿರುವಾಗ ಕತ್ತಲಲ್ಲಿ ನಡಿಗೆ ತಪ್ಪಿದರೆ ಕೂಡಲೇ ವೈದ್ಯರಿಗೆ ತಿಳಿಸಿ.

ಕಣ್ಣು ತೆರೆದಾಗಲೂ ಮುಚ್ಚಿದಾಗಲೂ ಅಸ್ಥಿರ: ಕಿರುಮೆದುಳಿನ ದೋಷವನ್ನು ಶಂಕಿಸಬೇಕು. ಕುಡಿದವನು ತೂರಾಡುವುದು ಮದ್ಯವು ಕಿರುಮೆದುಳನ್ನು ಮಂಕುಗೊಳಿಸುವುದರಿಂದಲೇ. ವರ್ಷಗಟ್ಟಲೆ ಕುಡಿದವರಲ್ಲಿ ಕಿರುಮೆದುಳು ಸವೆದು, ಕುಡಿಯದ ದಿನವೂ ತೂರಾಟ ಉಳಿಯುತ್ತದೆ.

ಯಾವಾಗಲೂ ಒಂದೇ ಕಡೆಗೆ ವಾಲುವುದು: ಆ ಕಡೆಯ ಒಳಗಿವಿ ಅಥವಾ ಕಿರುಮೆದುಳಿಗೆ ತೊಂದರೆಯಾಗಿರಬಹುದು. ಕಿವಿ ಸೋರುವಿಕೆ, ಕಿವುಡು, ಕಿವಿಯಲ್ಲಿ ಗುಂಯ್‌ಗುಡುವಿಕೆ ಇದ್ದರೆ ತಪ್ಪದೆ ಹೇಳಿ.

ಎರಡು ಸಲವೂ ಸ್ಥಿರ, ಆದರೂ ತಲೆಸುತ್ತು: ಇದನ್ನು "ಸುಳ್ಳು ಕಾಯಿಲೆ" ಎಂದು ತಳ್ಳಿಹಾಕುವುದು ದೊಡ್ಡ ತಪ್ಪು. ಓಲಾಟದ ಪರೀಕ್ಷೆಗೆ ಸಿಕ್ಕದ ಕಾರಣಗಳೂ ಇವೆ. ಅವುಗಳನ್ನು ಮುಂದೆ ಹೇಳಿದೆ.

೬. ಓಲಾಟದಲ್ಲಿ ಕಾಣದ ಕಾರಣಗಳು

ರಕ್ತಹೀನತೆ: ನಮ್ಮ ದೇಶದಲ್ಲಿ ೨೦೧೯-೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೪೯ ವರ್ಷದ ನೂರು ಸ್ತ್ರೀಯರಲ್ಲಿ ೫೭ ಮಂದಿಗೆ ರಕ್ತಹೀನತೆಯಿತ್ತು. ಗರ್ಭಿಣಿಯಲ್ಲದ ಸ್ತ್ರೀಯಲ್ಲಿ ಹಿಮೋಗ್ಲೋಬಿನ್ ೧೨ ಗ್ರಾಮಿಗಿಂತ, ಗರ್ಭಿಣಿಯಲ್ಲಿ ೧೧ ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಏದುಸಿರು, ಆಯಾಸ, ಬಿಳಿಚಿದ ಕಣ್ಣುರೆಪ್ಪೆಯ ಒಳಭಾಗ ಇದರ ಗುರುತುಗಳು. ಪರೀಕ್ಷೆಗೆ ಒಂದು ಹನಿ ರಕ್ತ ಸಾಕು. ಗರ್ಭಿಣಿಯರು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ ೧೮೦ ದಿನ, ಹೆರಿಗೆಯ ನಂತರವೂ ೧೮೦ ದಿನ ಕಬ್ಬಿಣಾಂಶದ ಮಾತ್ರೆ ನುಂಗತಕ್ಕದ್ದು. ಚಹಾ, ಕಾಫಿಯೊಡನೆ ನುಂಗಿದರೆ ಅದು ಮೈಗೆ ಹತ್ತದು. ನಿಂಬೆ, ನೆಲ್ಲಿಕಾಯಿ ಸೇವಿಸಿದರೆ ಚೆನ್ನಾಗಿ ಹತ್ತುತ್ತದೆ.

ಎದ್ದಾಗ ಇಳಿಯುವ ರಕ್ತದೊತ್ತಡ: ಐದು ನಿಮಿಷ ಮಲಗಿಸಿ ರಕ್ತದೊತ್ತಡ ನೋಡಿ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೆ ನೋಡಬೇಕು. ಮೇಲಿನ ಅಂಕಿ ೨೦ ಅಥವಾ ಕೆಳಗಿನ ಅಂಕಿ ೧೦ರಷ್ಟು ಇಳಿದರೆ ತಲೆಸುತ್ತಿಗೆ ಕಾರಣ ಅದೇ ಇರಬಹುದು. ಬಿಸಿಲಿನ ದುಡಿಮೆಯಲ್ಲಿ ನೀರು ಕುಡಿಯದಿರುವುದು, ವಾಂತಿ-ಭೇದಿ, ರಕ್ತದೊತ್ತಡದ ಕೆಲವು ಮಾತ್ರೆಗಳು ಇದಕ್ಕೆ ಕಾರಣ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಪ್ರಮಾಣ ಬದಲಿಸುವುದು ವೈದ್ಯರ ಕೆಲಸ.

ಒಳಗಿವಿಯ ಹರಳು ಸರಿಯುವುದು: ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದ ಕಡೆಗೆ ತಲೆಯೆತ್ತಿದಾಗ, ಮನೆಯೇ ತಿರುಗಿದಂತಾಗಿ ಒಂದು ನಿಮಿಷದೊಳಗೆ ನಿಂತುಹೋಗುವ ತಲೆಸುತ್ತು ಇದು. ಸ್ಥಾನ ತಪ್ಪಿದ ಹರಳು ನಾಳದೊಳಗೆ ಹೊಕ್ಕು ಕಾಟ ಕೊಡುತ್ತದೆ. ಸುಮ್ಮನೆ ನಿಂತಾಗ ಓಲಾಟ ಸರಿಯಾಗಿಯೇ ಇರಬಹುದು. ತಲೆಯನ್ನು ಕ್ರಮವಾಗಿ ಕೆಲವು ದಿಕ್ಕುಗಳಿಗೆ ಹೊರಳಿಸಿ ಹರಳನ್ನು ಸ್ವಸ್ಥಾನಕ್ಕೆ ಸೇರಿಸುವ ವಿಧಾನವನ್ನು ಅಮೆರಿಕದ ವೈದ್ಯ ಎಪ್ಲಿ ಅವರು ೧೯೯೨ರಲ್ಲಿ ಪ್ರಕಟಿಸಿದರು. ಕಲಿತ ವೈದ್ಯರು ಇದನ್ನು ಕೆಲವೇ ನಿಮಿಷಗಳಲ್ಲಿ ಮಾಡುತ್ತಾರೆ. ತಿಂಗಳುಗಟ್ಟಲೆ ಮಾತ್ರೆ ನುಂಗುವ ಅಗತ್ಯವಿಲ್ಲ.

೭. ಗರ್ಭಾವಸ್ಥೆ, ಕುಟುಂಬ ಯೋಜನೆ ಮತ್ತು ತಲೆಸುತ್ತು

ಗರ್ಭ ಬೆಳೆದಂತೆ ದೇಹದ ಭಾರ ಮುಂದಕ್ಕೆ ಸರಿಯುತ್ತದೆ, ಕೀಲುಗಳು ಸಡಿಲಗೊಳ್ಳುತ್ತವೆ. ಆದುದರಿಂದ ಕೊನೆಯ ತಿಂಗಳುಗಳಲ್ಲಿ ಓಲಾಟ ತುಸು ಹೆಚ್ಚುವುದು ಸಹಜ. ತಲೆಯ ಮೇಲೆ ಕೊಡ ಹೊರುವುದು, ಬಾವಿಕಟ್ಟೆಯ ಪಾಚಿಯ ಮೇಲೆ ನಿಲ್ಲುವುದು, ಅಟ್ಟ ಹತ್ತುವುದು ಈ ಕಾಲದಲ್ಲಿ ಸಲ್ಲದು. ಈ ಕೆಲಸಗಳನ್ನು ಪತಿಯು ವಹಿಸಿಕೊಳ್ಳುವುದು ಔದಾರ್ಯವಲ್ಲ, ಕರ್ತವ್ಯ. ಅಂಗಾತ ಮಲಗಿದಾಗ ಗರ್ಭದ ಭಾರದಿಂದ ದೊಡ್ಡ ರಕ್ತನಾಳ ಒತ್ತಿ ತಲೆಸುತ್ತು ಬರುವುದುಂಟು. ಎಡಮಗ್ಗುಲಿಗೆ ಹೊರಳಿದರೆ ಅದು ಕಡಿಮೆಯಾಗುತ್ತದೆ.

"ಆಪರೇಷನ್ ಮಾಡಿಸಿಕೊಂಡರೆ ತಲೆಸುತ್ತು ಅಂಟಿಕೊಳ್ಳುತ್ತದೆ" ಎಂಬ ಭಯ ಅನೇಕ ದಂಪತಿಗಳಲ್ಲಿದೆ. ಟ್ಯುಬೆಕ್ಟಮಿಯಲ್ಲಿ ಅಂಡನಾಳಗಳನ್ನು, ವ್ಯಾಸೆಕ್ಟಮಿಯಲ್ಲಿ ವೀರ್ಯನಾಳಗಳನ್ನು ತಡೆಗಟ್ಟಲಾಗುತ್ತದೆ. ಇವುಗಳಿಗೂ ಒಳಗಿವಿ, ಕಣ್ಣು, ಪಾದದ ನರಗಳಿಗೂ ಯಾವ ಸಂಬಂಧವೂ ಇಲ್ಲ. ಅರಿವಳಿಕೆಯ ಪರಿಣಾಮದಿಂದ ಅಂದು ಸ್ವಲ್ಪ ಮಂಪರು ಇರಬಹುದು. ಅದು ಬೇಗನೆ ಹೋಗುತ್ತದೆ. ತಿಂಗಳುಗಳ ಮೇಲೆ ತಲೆಸುತ್ತು ಬಂದರೆ ಶಸ್ತ್ರಚಿಕಿತ್ಸೆಯನ್ನು ದೂರಿ ಸುಮ್ಮನಾಗಬೇಡಿ. ಹಾಗೆ ಸುಮ್ಮನಾದರೆ ನಿಜವಾದ ರೋಗ ಒಳಗೇ ಬೆಳೆಯುತ್ತದೆ. ಒಂದರ ಮೇಲೊಂದು ಹೆರಿಗೆಯಿಂದ ಉಳಿದುಬಂದ ರಕ್ತಹೀನತೆಯೇ ಅನೇಕ ವೇಳೆ ಕಾರಣವಾಗಿರುತ್ತದೆ.

ವಂಕಿ, ಅಂದರೆ ಕಾಪರ್-ಟಿ ಧರಿಸಿದ ಕೆಲವರಲ್ಲಿ ಮುಟ್ಟಿನ ಸ್ರಾವ ಹೆಚ್ಚಬಹುದೆಂಬುದು ನಿಜ. ಸ್ರಾವ ಹೆಚ್ಚಾಗಿ ತಲೆಸುತ್ತು ಬಂದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕಬ್ಬಿಣಾಂಶದ ಮಾತ್ರೆಯಿಂದ ಸರಿಹೋಗದಿದ್ದರೆ ಬೇರೆ ವಿಧಾನಕ್ಕೆ ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯ ನಿಮಗಿದೆ.

೮. ಓಲಾಟ ಅಳೆಯುತ್ತ ಕೂಡಬಾರದ ಸಂದರ್ಭಗಳು

ಕೆಳಗಿನ ಲಕ್ಷಣಗಳು ಕಂಡರೆ ಯಾವ ಪರೀಕ್ಷೆಯನ್ನೂ ಮನೆಯಲ್ಲಿ ಮಾಡದೆ ೧೦೮ ಆಂಬುಲೆನ್ಸ್ ಕರೆಯಿರಿ.

— ಇದ್ದಕ್ಕಿದ್ದಂತೆ ತಲೆಸುತ್ತಿನೊಡನೆ ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ನಿಲ್ಲಲೇ ಆಗದಿರುವುದು. ಇದು ಲಕ್ವ ಆಗಿರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಮದ್ದನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಆದುದರಿಂದ ಶುರುವಾದ ವೇಳೆಯನ್ನು ನೆನಪಿಡಿ.

— ಗರ್ಭಿಣಿಗೆ ತಲೆಸುತ್ತಿನೊಡನೆ ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು ಅಥವಾ ಹೊಟ್ಟೆನೋವು. ಬಾಣಂತಿಗೆ ತಲೆಸುತ್ತಿನೊಡನೆ ಅತಿಸ್ರಾವ.

— ತಲೆಸುತ್ತಿನೊಡನೆ ಎದೆನೋವು, ಎಚ್ಚರ ತಪ್ಪುವುದು, ತಲೆಗೆ ಪೆಟ್ಟು.

— ಕೀಟನಾಶಕ ಸಿಂಪಡಿಸಿದ ನಂತರ ತಲೆಸುತ್ತು, ಜೊಲ್ಲು, ಬೆವರು, ವಾಂತಿ. ಔಷಧದ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

೯. ಬೀಳದಂತೆ ತಡೆಯುವ ಉಪಾಯಗಳು

ಓಲಾಟ ಹೆಚ್ಚಿರುವವರಿಗೆ ಕಣ್ಣೇ ಊರುಗೋಲು. ಆದುದರಿಂದ ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯಲಿ. ಹೊಸ್ತಿಲಿಗೆ ಬಿಳಿಯ ಬಣ್ಣ ಬಳಿಯಿರಿ. ಬಚ್ಚಲಿನ ಪಾಚಿ ಉಜ್ಜಿ, ಗೋಡೆಗೆ ಒಂದು ಹಿಡಿಕೆ ಹಾಕಿಸಿ. ಎದ್ದೊಡನೆ ನಡೆಯದೆ ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕುಳಿತು ಏಳಿ. ಕಾರಣ ತಿಳಿಯುವವರೆಗೆ ತೆಂಗು, ಅಡಿಕೆ ಮರ ಹತ್ತುವುದು, ಕೆರೆಯಲ್ಲಿ ಈಜುವುದು, ಮೋಟಾರ್ ಸೈಕಲ್, ಟ್ರ್ಯಾಕ್ಟರ್ ಓಡಿಸುವುದು, ಬಾವಿಯ ಅಂಚಿನಲ್ಲಿ ನೀರು ಸೇದುವುದು ಬೇಡ. ವೈದ್ಯರ ಸಲಹೆಯಂತೆ ಪ್ರತಿದಿನ ಗೋಡೆಯ ಪಕ್ಕದಲ್ಲಿ ಸಮತೋಲನದ ವ್ಯಾಯಾಮ ಮಾಡಿದರೆ ಮಿದುಳು ಮತ್ತೆ ಕಲಿತು ಓಲಾಟ ಕಡಿಮೆಯಾಗುತ್ತದೆ.

ನೆನಪಿಡಬೇಕಾದ ಅಂಶಗಳು

೧. ಸ್ವಲ್ಪ ಓಲಾಟ ಎಲ್ಲರಲ್ಲಿಯೂ ಸಹಜ.
೨. ಕಣ್ಣು ಮುಚ್ಚಿದಾಗ ನಿಲ್ಲಲಾಗದಿದ್ದರೆ ನರ, ಬೆನ್ನುಹುರಿ, ಒಳಗಿವಿಗಳನ್ನು ಪರೀಕ್ಷಿಸಬೇಕು.
೩. ಕಣ್ಣು ತೆರೆದಾಗಲೂ ನಿಲ್ಲಲಾಗದಿದ್ದರೆ ವೈದ್ಯರಲ್ಲಿಗೆ ತಡಮಾಡದೆ ಹೋಗಬೇಕು.
೪. ಓಲಾಟ ಸರಿಯಿದ್ದೂ ತಲೆಸುತ್ತಿದ್ದರೆ ರಕ್ತ, ರಕ್ತದೊತ್ತಡ, ಕಿವಿ ಪರೀಕ್ಷೆ ಮಾಡಿಸಬೇಕು.
೫. ಓಲಾಟದ ಅಳತೆಯು ದಾರಿ ತೋರುತ್ತದೆ. ರೋಗದ ಹೆಸರನ್ನು ಅದೊಂದೇ ಹೇಳಲಾರದು.

ಪರೀಕ್ಷೆಗೆ ಹೋಗುವಾಗ ಒಂದು ಹಾಳೆಯಲ್ಲಿ ಈ ವಿವರ ಬರೆದುಕೊಂಡು ಹೋಗಿ: ತಲೆಸುತ್ತು ಯಾವಾಗ ಶುರುವಾಯಿತು, ಯಾವ ಬಗೆಯದು, ಎಷ್ಟು ಹೊತ್ತು ಇರುತ್ತದೆ, ಕಣ್ಣು ತೆರೆದು ಎಷ್ಟು ಸೆಕೆಂಡು, ಮುಚ್ಚಿ ಎಷ್ಟು ಸೆಕೆಂಡು ನಿಂತರು, ಯಾವ ಕಡೆಗೆ ವಾಲಿದರು, ಯಾವ ಮಾತ್ರೆ ನುಂಗುತ್ತಿದ್ದಾರೆ. ಬರೆಯಲು ಬಾರದಿದ್ದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ನೆರವು ಪಡೆಯಿರಿ. ಸಾಧ್ಯವಾದರೆ ದಂಪತಿಗಳಿಬ್ಬರೂ ಕೂಡಿಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. ತತ್ತರಿಸಿದವರು ತಮಗೇನಾಯಿತೆಂದು ಹೇಳಬಲ್ಲರು. ಪಕ್ಕದಲ್ಲಿ ನಿಂತು ನೋಡಿದವರು ಅದು ಹೇಗೆ ಕಂಡಿತೆಂದು ಹೇಳಬಲ್ಲರು. ವೈದ್ಯರಿಗೆ ಎರಡೂ ಬೇಕು.